ಹೊಟ್ಟೆ ತಟ್ಟಿ ನೋಡಿದ ಬೆಳ್ಳ

ಹೂಂ ಅನ್ನೋರು ಇದ್ರೆ ಹೇಳ್ತೀನಿ, ಇಲ್ದಿದ್ರೆ ಈಗ್ಲೇ ಎದ್ದು ಹೋಯ್ತೀನಿ. ಹೂಂ ಅಂತೀರಾ? ಸರಿ ಮತ್ತೆ, ಹತ್ರಕ್ಕೆ ಬನ್ನಿ.

ಮೂಡ್ಲಹುಂಡಿ ಕೆರೆ ಏರಿ ಕೆಳಗೆ ಹಿಂದೆ ಒಂದು ಕುಂಬಾರ ಕೇರಿ ಇತ್ತು. ಆವಾಗ ಈ ಪ್ಲಾಸ್ಟಿಕ್ ಬಿಂದಿಗೆ, ಸ್ಟೀಲ್ ಪಾತ್ರೆ ಯಾವುದೂ ಇರಲಿಲ್ಲ ಕಣ್ರಪ್ಪ. ನೀರಿಗೂ ಮಡಕೆ, ಮೊಸರಿಗೂ ಮಡಕೆ, ಸಾರಿಗೂ ಮಡಕೆ. ಬೆಳಗಾಗೆದ್ದರೆ ಕೇರಿ ತುಂಬಾ ಮಣ್ಣು ತುಳಿಯೋ ಸದ್ದು, ತಿಗರಿ ತಿರುಗೋ ಸದ್ದು. ಹೊಸ ಮಡಕೆಗೆ ಮೊದಲ ಸಲ ನೀರು ಹುಯ್ದಾಗ ಒಂದು ವಾಸನೆ ಏಳ್ತಿತ್ತು ನೋಡಿ, ಆ ವಾಸನೆ ಈಗ ಎಲ್ಲಿ ಹುಡುಕಿದರೂ ಇಲ್ಲ.

ಆ ಕೇರೀಲಿ ಸಾಕವ್ವ ಅಂತ ಒಬ್ಬಳು. ಗಂಡ ರಾಚಶೆಟ್ಟಿ ತೀರ್ಕೊಂಡಿದ್ದ. ಇದ್ದೋನು ಒಬ್ಬನೇ ಮಗ, ಬೆಳ್ಳಶೆಟ್ಟಿ. ಊರೋರ ಬಾಯಲ್ಲಿ ಬರೀ ಬೆಳ್ಳ. ಆಳು ನೋಡಿದರೆ ಆನೆಮರಿ. ಕೈಗೆ ಮಣ್ಣು ಕೊಟ್ಟರೆ ಚಿನ್ನದಂಥ ಮಡಕೆ ಮಾಡೋನು. ಆದರೆ ಕಿವಿಗೆ ಮಾತು ಕೊಟ್ಟರೋ, ಮುಗೀತು! ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು.

"ಎಸರು ಉಕ್ಕುತ್ತಾ ನೋಡ್ತಿರ್ಲಾ" ಅಂತ ಹೇಳಿ ಸಾಕವ್ವ ಹಿತ್ತಲಿಗೆ ಹೋದಳು. ವಾಪಸ್ ಬಂದರೆ ಒಲೆ ಆರಿದೆ, ನೆಲವೆಲ್ಲ ನೀರು.

"ಅಯ್ಯೋ, ಏನ್ಲಾ ಇದು! ನೋಡ್ತಿರು ಅಂದಿದ್ನಲ್ಲ!"

"ನೋಡ್ತಿದ್ದೆ ಕಣವ್ವ. ಉಕ್ತು. ಚೆನ್ನಾಗಿ ಉಕ್ತು."

ಬೈದರೂ ಅವನ ಮುಖದಲ್ಲಿ ಒಂದು ಬೇಜಾರಿಲ್ಲ. ಸಾಕವ್ವನಿಗೋ ಮಂಡಿ ನೋವು, ಸಂತೆಗೆ ನಡೆಯೋಕೆ ಆಗ್ತಿರಲಿಲ್ಲ. ನಾನು ಕಣ್ಮುಚ್ಚಿದ ಮೇಲೆ ಇದಕ್ಕೆ ಯಾರು ದಿಕ್ಕು ಅನ್ನೋದೊಂದೇ ಅವಳ ಚಿಂತೆ. ಒಂದು ಹೆಣ್ಣು ತಂದು ಕಟ್ಟಿಬಿಡೋಣ ಅಂದ್ಕೊಂಡರೆ, ಕೊಡೋರು ಯಾರು?

ಒಂದಿನ ಸಂತೇಲಿ ಬೆಳ್ಳ ಒಡಕು ಗಡಿಗೆ ಮಾರಿ ಬಂದ. ಕೊಂಡ ಹೆಂಗಸು ಮಾರನೇ ದಿನ ಮನೆ ಬಾಗಿಲಿಗೇ ಬಂದಳು. "ನಿಮ್ಮ ಗಡಿಗೇಲಿ ಬಾವಿಯಿಂದ ನೀರು ಹೊತ್ಕೊಂಡು ಹೋದೆ ಕಣಮ್ಮೋ, ಮನೆ ಸೇರೋ ಹೊತ್ಗೆ ಸೀರೆ ಒದ್ದೆ, ಗಡಿಗೆ ಖಾಲಿ!" ಅಂತ ಕೇರಿಗೆಲ್ಲ ಕೇಳೋ ಹಂಗೆ ಕೂಗಾಡಿದಳು. ಸಾಕವ್ವ ಅವಳಿಗೆ ಬೇರೆ ಗಡಿಗೆ ಕೊಟ್ಟು ಕಳಿಸಿ, ಮಗನ ಕಡೆ ತಿರುಗಿದಳು.

"ಹೊಟ್ಟೆ ತಟ್ಟಿ ನೋಡಬಾರ್ದೇನ್ಲಾ ಮೊದ್ದೇ! ಟಣ್ ಅಂದ್ರೆ ಒಳ್ಳೇದು, ಬೊದ್ ಅಂದ್ರೆ ಒಡಕು. ಹೊಟ್ಟೆ ಸರಿಯಾಗಿ ಅದೋ ಇಲ್ವೋ ಅಂತ ತಟ್ಟಿದರೇ ಗೊತ್ತಾಗೋದು. ತಿಳೀತಾ?"

"ತಿಳೀತು ಕಣವ್ವ. ಹೊಟ್ಟೆ ತಟ್ಟಬೇಕು. ಟಣ್ ಒಳ್ಳೇದು, ಬೊದ್ ಒಡಕು."

ರಾಚಶೆಟ್ಟಿ ತೀರ್ಕೊಂಡ ದಿನ ಹತ್ರ ಬಂತು. ಎಡೆ ಇಡಬೇಕು. ಅವನಿಗೆ ಹಲಸಿನ ಹಣ್ಣು ಅಂದರೆ ಪ್ರಾಣ. ತೊಳೆ ಬಿಡಿಸ್ತಾ ಬಿಡಿಸ್ತಾ ಅರ್ಧ ಹಣ್ಣು ತಾನೇ ತಿಂದು, ಆಮೇಲೆ ಬೀಜ ಮಾತ್ರ ಹೆಂಡತಿ ಸೆರಗಿಗೆ ಹಾಕಿ ನಗೋನು. ಅದನ್ನ ನೆನೆಸ್ಕೊಂಡು ಸಾಕವ್ವ, "ಸಂತೆಗೋಗಿ ಒಂದು ಒಳ್ಳೆ ಹಲಸಿನ ಹಣ್ಣು ತತ್ತಾರ್ಲಾ, ನಿಮ್ಮಪ್ಪಂಗೆ" ಅಂದಳು.

ಬೆಳ್ಳ ಹೋದ, ಬಂದ. ಹೆಗಲ ಮೇಲಿಂದ ಧೊಪ್ ಅಂತ ಇಳಿಸಿದ. ಕೊಯ್ದು ನೋಡಿದರೆ ಬಿಳೀ ಕಾಯಿ! ಬರೀ ಸೊನೆ!

"ತಟ್ಟಿ ನೋಡಿ ತರಬಾರ್ದೇನ್ಲಾ?"

"ಹಲಸಿನ ಹಣ್ಣಿಗೆ ಹೊಟ್ಟೆ ಎಲ್ಲದೆ ಅಂತ ತಟ್ಲವ್ವ? ಸುತ್ತ ತಿರುಗ್ಸಿ ನೋಡ್ದೆ. ಬರೀ ಮುಳ್ಳು."

ಸಾಕವ್ವ ಹಣೆ ಹಣೆ ಚಚ್ಕೊಂಡಳು. ಬೆಳ್ಳ ಮಾತ್ರ ಖುಷಿಯಾಗೇ ಇದ್ದ.

"ನೀ ಹೇಳಿದ್ದ ಮರ್ತಿಲ್ಲ ಕಣವ್ವ. ದಾರೀಲಿ ಪಟೇಲ್ರು ಸಿಕ್ಕಿದ್ರು. ಯಾಕೋ ಎರಡು ದಿನದಿಂದ ಹೊಟ್ಟೆ ಸರಿಯಾಗಿಲ್ಲ ಕಣೋ ಬೆಳ್ಳ ಅಂದ್ರು. ತಟ್ದೆ."

"ಎಲ್ಲಿ ತಟ್ದೆ?"

"ಹೊಟ್ಟೆ ಮ್ಯಾಲೆ. ಬೊದ್ ಅಂತು. ಸ್ವಾಮೀ, ನೀವು ಒಡೆದೋಗಿದ್ದೀರಿ, ನಿಮ್ಮನ್ನ ಯಾರೂ ತಗೊಳಾಕಿಲ್ಲ ಅಂದೆ."

"ಅಯ್ಯೋ ನನ್ನ ಶಿವನೇ!"

ಸಾಕವ್ವ ಆ ನೋವಿನ ಮಂಡೀಲೇ ಪಟೇಲರ ಮನೆಗೆ ಓಡಿ, ಹೊಸ್ತಿಲಲ್ಲೇ ನಿಂತು ತಪ್ಪಾಯ್ತು ಅಂತ ಅಡ್ಡಬಿದ್ದು ಬಂದಳು. ಆ ಸಲ ರಾಚಶೆಟ್ಟಿ ಎಡೆಗೆ ಹಲಸಿನ ಕಾಯಿ ಹುಳಿ. ಕಣ್ಣೀರು ಒರೆಸ್ಕೊಂಡು, "ಇವತ್ತಿಗೆ ಇದನ್ನೇ ಉಣ್ಣು ಮಾರಾಯ, ನಿನ್ನ ಮಗನೇ ತಂದಿರೋದು" ಅಂದಳು.

ಆಮೇಲೆ ಮಗನಿಗೆ ಹೊಸ ಬುದ್ಧಿ ಹೇಳಿದಳು. "ದೊಡ್ಡೋರ ಮೈ ಮುಟ್ಟಬಾರ್ದು ಕಣ್ಲಾ. ದೊಡ್ಡೋರು ಕಂಡ್ರೆ ದೂರ ನಿಂತ್ಕೊಂಡು ಕೈ ಮುಗ್ದು, ತಣ್ಣಗಿರ್ಲಿ ಸ್ವಾಮಿ ಅನ್ನಬೇಕು. ಅಷ್ಟೇ. ತಿಳೀತಾ?"

"ತಿಳೀತು ಕಣವ್ವ. ತಣ್ಣಗಿರ್ಲಿ."

ಎರಡು ದಿನ ಕಳೀತು. ಪಕ್ಕದ ಮನೆ ದೊಡ್ಡಪ್ಪ ಮಡಕೆ ಸುಡೋ ಆವಿಗೆ ಒಟ್ಟಿದ. ಒಂದು ತಿಂಗಳು ಮಾಡಿದ ಮಡಕೆಯೆಲ್ಲ ಜೋಡಿಸಿ, ಸೌದೆ ಹುಲ್ಲು ಮುಚ್ಚಿ, ಮಣ್ಣು ಮೆತ್ತಿ, ಕರ್ಪೂರ ಹಚ್ಚಿ, ಇನ್ನೇನು ಬೆಂಕಿ ಇಡಬೇಕು. ಕುಂಬಾರ ಉಸಿರು ಬಿಗಿ ಹಿಡಿದಿರೋ ಹೊತ್ತು ಅದು. ಉರಿ ಹತ್ತಿದರೆ ಅನ್ನ, ಹತ್ತದಿದ್ದರೆ ಮಣ್ಣು. ಅಷ್ಟರಲ್ಲಿ ಬೆಳ್ಳ ಬಂದ. ದೊಡ್ಡಪ್ಪ ಅಂದಮೇಲೆ ದೊಡ್ಡೋರೇ ತಾನೇ? ದೂರ ನಿಂತ. ಕೈ ಮುಗಿದ. ದೊಡ್ಡ ದನಿ ತೆಗೆದ.

"ತಣ್ಣಗಿರ್ಲಿ ಸ್ವಾಮೀ! ತಣ್ಣಗಿರ್ಲಿ!"

ದೊಡ್ಡಪ್ಪ ಕೊಳ್ಳಿ ಹಿಡ್ಕೊಂಡೇ ಅಟ್ಟಿಸ್ಕೊಂಡು ಬಂದ. ಮುಂದೆ ಬೆಳ್ಳ, ಹಿಂದೆ ಬೆಂಕಿ, ಅದರ ಹಿಂದೆ ಕೇರಿ ನಾಯಿಗಳು! ಕೆರೆ ನೀರಿಗೆ ಇಳಿದ ಮೇಲೇ ಬೆಳ್ಳ ನಿಂತದ್ದು.

"ಆವಿಗೆ ಮುಂದೆ ತಣ್ಣಗಿರ್ಲಿ ಅಂತಾರೇನ್ಲಾ!" ಸಾಕವ್ವ ಅವನ ತಲೆ ಒರೆಸ್ತಾ ಬೈದಳು. "ಉರಿಯೋ ಕಡೆ, ಚೆನ್ನಾಗಿ ಉರೀಲಿ, ಕೆಂಪಗೆ ಬೇಯ್ಲಿ ಅನ್ನಬೇಕು!"

"ಚೆನ್ನಾಗಿ ಉರೀಲಿ, ಕೆಂಪಗೆ ಬೇಯ್ಲಿ. ತಿಳೀತು ಕಣವ್ವ."

ತಿಳೀತಂತೆ! ಮಾರನೇ ದಿನವೇ ಕೇರಿ ಕೊನೆ ನಿಂಗಾಜವ್ವನ ಮೊಟ್ಟೆ ಇಡೋ ಕೋಳೀನ ಹಾಡಹಗಲೇ ಗುಳ್ಳೆನರಿ ಎತ್ಕೊಂಡು ಹೋಯ್ತು. ಅವಳು ಬೀದೀಲಿ ಕೂತು ಎದೆ ಎದೆ ಬಡ್ಕೋತಿದ್ದಳು. ಬೆಳ್ಳ ಬಂದದ್ದು ನೋಡಿ, "ಹೊಟ್ಟೆ ಉರೀತದೆ ಕಣೋ ಬೆಳ್ಳಾ! ನನ್ನ ಹೊಟ್ಟೆ ಉರೀತದೆ!" ಅಂದಳು.

ಬೆಳ್ಳನಿಗೆ ಕಳೆದ ಸಲದ ಪೆಟ್ಟು ನೆನಪಿತ್ತು. ಹೊಟ್ಟೆ ಮುಟ್ಟಲಿಲ್ಲ. ತಣ್ಣಗಿರ್ಲಿ ಅನ್ನಲಿಲ್ಲ. ಎರಡು ಕೈ ಎತ್ತಿ ಹರಸಿದ.

"ಚೆನ್ನಾಗಿ ಉರೀಲಿ ನಿಂಗಾಜವ್ವ! ಸಂಜೆಗಂಟ ಉರ್ದು ಉರ್ದು ಕೆಂಪಗೆ ಬೇಯ್ಲಿ!"

ಅವಳು ಪೊರಕೆ ಹಿಡ್ಕೊಂಡು ಎದ್ದಳು. ಪೊರಕೆ ಏಟಿಗಿಂತ ಅವಳ ಬಾಯಿಂದ ಬಂದ ಮಾತು, ಗಲಾಟೆ ಕೇಳಿ ಓಡಿಬಂದ ಸಾಕವ್ವನಿಗೆ ನಾಟಿತು. "ಸತ್ತೋನು ಪುಣ್ಯ ಮಾಡಿದ್ದ, ಇದನ್ನ ನೋಡದೆ ಹೋದ. ನೀನು ಹೋದಮೇಲೆ ಇದನ್ನ ಯಾರೇ ಸಾಕ್ತಾರೆ?"

ಆವತ್ತು ಸಾಕವ್ವ ಬೈಯಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ. ಮಗನಿಗೆ ಮುದ್ದೆ ಇಟ್ಟು, ತಾನು ಗಂಡನ ತಿಗರಿ ಹತ್ರ ಹೋಗಿ ಕೂತಳು.

ರಾಚಶೆಟ್ಟಿ ಇವನಿಗೆ ಹೆಂಗೆ ಕಲಿಸ್ತಿದ್ದ? ನೆನೆಸ್ಕೊಂಡಳು. ಹುಡುಗ ಇನ್ನೂ ಚಡ್ಡಿ ಹಾಕ್ತಿದ್ದ ಕಾಲ. ಮಣ್ಣಿಗೆ ನೀರು ಹಾಕ್ಲಾ ಅಂದರೆ ಕೊಡ ಎತ್ತಿ ಸುರಿದುಬಿಟ್ಟಿದ್ದ. ತಿಗರಿ ಮೇಲಿದ್ದ ಮಣ್ಣೆಲ್ಲ ಕೆಸರು. ಅವಳಾಗಿದ್ದರೆ ಎರಡು ಬಿಗೀತಿದ್ದಳು. ರಾಚಶೆಟ್ಟಿ ಹೊಟ್ಟೆ ಹಿಡ್ಕೊಂಡು ನಕ್ಕ. ಹುಡುಗನ್ನ ತೊಡೆ ಮೇಲೆ ಕೂರಿಸ್ಕೊಂಡು, ಅವನ ಬೆರಳನ್ನ ಒಣ ಮಣ್ಣಿಗೆ ಒತ್ತಿದ, ಹಸಿ ಮಣ್ಣಿಗೆ ಒತ್ತಿದ, ಕೆಸರಿಗೆ ಒತ್ತಿದ. "ಯಾವುದು ನಿಂತ್ಕೋತದೆ? ಯಾವುದು ಕುಸೀತದೆ? ಯಾಕೆ? ನೀನೇ ಹೇಳು." ಇಷ್ಟೇ ಅವನ ಪಾಠ. ಸಾಕವ್ವ ಒಲೆ ಮುಂದೆ ಕೂತು, ಈ ಗಂಡಸಿಗೆ ಮಾಡೋಕೆ ಬೇರೆ ಕೆಲಸ ಇಲ್ಲವಾ ಅಂತ ಗೊಣಗ್ತಿದ್ದಳು. ಆ ಮಧ್ಯಾಹ್ನದ ಬಿಸಿಲು, ಆ ನಗು, ಕೆಸರಾದ ಆ ಎರಡು ಮುಖ, ಎಲ್ಲ ಈಗ ಕಣ್ಮುಂದೆ ಬಂತು.

"ಅವನು ಯಾಕೆ ಅಂತ ಕೇಳ್ತಿದ್ದ. ನಾನು ಹಿಂಗನ್ನು ಹಂಗನ್ನು ಅಂತ ಬರೀ ಮಾತು ತುಂಬಿದೆ. ಹುಡುಗ ಏನು ಮಾಡ್ತಾನೆ, ಕೊಟ್ಟಿದ್ದನ್ನ ಹಿಡ್ಕೊಂಡ."

ಬೆಳಗಾದ ತಕ್ಷಣ ಎದ್ದಳು. ನೆಟ್ಟಗಿದ್ದ ಒಂದು ಮಡಕೆ, ಒಡಕು ಒಂದು ಮಡಕೆ, ಹಲಸಿನ ಕಾಯಿ ಒಂದು, ಹಣ್ಣು ಒಂದು, ರಾಗಿ ತುಂಬಿದ ಡಬ್ಬ, ಖಾಲಿ ಡಬ್ಬ. ಎಲ್ಲ ಸಾಲಾಗಿ ಜಗಲಿ ಮೇಲೆ ಇಟ್ಟಳು.

"ಬಾರ್ಲಾ ಬೆಳ್ಳ. ತಟ್ಟು."

"ಯಾವುದ್ರ ಹೊಟ್ಟೆ?"

"ಹೊಟ್ಟೆ ಗಿಟ್ಟೆ ಏನಿಲ್ಲ. ಎಲ್ಲಾನೂ ತಟ್ಟು. ಕೇಳಿಸ್ಕೋ."

ಬೆಳ್ಳ ತಟ್ಟಿದ. ಮಡಕೆ ಟಣ್ ಅಂತು. ಒಡಕು ಬೊದ್ ಅಂತು. ಕಾಯಿ ಟಕ್ ಟಕ್, ಹಣ್ಣು ಬೊದ್ ಬೊದ್. ತುಂಬಿದ ಡಬ್ಬ ಗಪ್, ಖಾಲಿ ಡಬ್ಬ ಢಣ ಢಣ. ಇನ್ನೊಂದು ಸಲ ತಟ್ಟಿದ. ತಲೆ ವಾಲಿಸಿ ಮತ್ತೂ ತಟ್ಟಿದ.

"ಅವ್ವಾ, ಬೊದ್ ಅಂದ್ರೆ ಒಡಕು ಅಂದಿದ್ದೆ. ಹಣ್ಣು ಬೊದ್ ಅಂತದೆ, ಆದ್ರೆ ಒಡ್ದಿಲ್ವಲ್ಲ?"

"ಹೂಂ. ಹಂಗಾರೆ ಯಾಕ್ಲಾ ತಟ್ಟೋದು?"

ಬೆಳ್ಳ ಹಣ್ಣನ್ನ ಮತ್ತೆ ತಟ್ಟಿದ. ಕಣ್ಣು ಮಿಟುಕಿಸಿದ. ಕಿವಿ ಕೆರ್ಕೊಂಡ. ಸಾಕವ್ವನಿಗೆ ಉತ್ತರ ನಾಲಿಗೆ ತುದೀಲಿತ್ತು, ಕಚ್ಚಿ ಹಿಡ್ಕೊಂಡಳು. ಹೇಳಿಬಿಟ್ಟರೆ ಅದೂ ಒಂದು ಮಾತಾಗ್ತದಲ್ಲ! ಬಿಸಿಲು ಜಗಲಿ ಏರೋವರೆಗೂ ಬಾಯಿ ಬಿಡದೆ ಕಾದಳು.

"ಒಳಗೇನದೆ ಅಂತ ಕಣ್ಣಿಗೆ ಕಾಣಾಕಿಲ್ಲ," ಅಂದ ಬೆಳ್ಳ ಕೊನೆಗೆ, ಮೆಲ್ಲಗೆ. "ತಟ್ಟಿದ್ರೆ ಅದೇ ಹೇಳ್ತದೆ. ಒಂದೊಂದೂ ಒಂದೊಂದು ಥರ ಹೇಳ್ತದೆ."

ಸಾಕವ್ವ ಸೆರಗು ಬಾಯಿಗೆ ಒತ್ಕೊಂಡಳು. "ಅದೇ ಕಣಪ್ಪ. ಅದೇ. ಹೊಟ್ಟೆ ಅನ್ನೋದು ನಾನು ಆಡಿದ ಮಾತು, ಬುಟ್ಟಾಕು. ಅವ್ವ ಯಾಕೆ ಹೇಳ್ತಾವಳೆ, ಅದ ಹಿಡ್ಕೋ."

ಆ ವಾರವೆಲ್ಲ ಬೆಳ್ಳ ಊರನ್ನೇ ತಟ್ಟಿದ. ಮರ ತಟ್ಟಿದ, ಕಂಬ ತಟ್ಟಿದ, ಕಣಜ ತಟ್ಟಿದ. ಜನ ನಕ್ಕರು. ಪಟೇಲರು ಮಾತ್ರ ಅವನನ್ನ ಕಂಡರೆ ಟವಲಿಂದ ಹೊಟ್ಟೆ ಮುಚ್ಕೊಂಡು ಬೇರೆ ಬೀದಿ ಹಿಡೀತಿದ್ದರು.

ಆ ವರ್ಷ ಮಳೆ ಜೋರಾಗಿ ಹುಯ್ದು ಬಿಟ್ಟ ಮೇಲೆ, ಹುಣಸೆಹುಂಡಿಯಿಂದ ಒಂದು ಸುದ್ದಿ ಬಂತು. ಅಲ್ಲೂ ಕುಂಬಾರರ ಮನೆ. ಯಜಮಾನ ಮಾದಶೆಟ್ಟಿ, ಅವನ ಮಗಳು ದೇವೀರಿ. ಗಂಡಿನ ಕೈಕೆಲಸ ಚೆನ್ನಾಗಿದೆಯಂತೆ, ಬಂದು ಹೋಗಿ ಅಂತ ಹೇಳಿ ಕಳಿಸಿದ್ದ. ಸಾಕವ್ವನಿಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯ್ತು. ದಾರಿ ಉದ್ದಕ್ಕೂ ಒಂದೇ ಮಾತು.

"ಅಲ್ಲಿ ಬಾಯಿ ಬುಡಬೇಡ ಕಣ್ಲಾ. ಏನಾದ್ರೂ ಸರಿ, ಬಾಯಿ ಮಾತ್ರ ಬುಡಬೇಡ!"

"ಹೂಂ" ಅಂದ ಬೆಳ್ಳ. ಆಮೇಲೆ ಹೂಂ ಅನ್ನೋದನ್ನೂ ನಿಲ್ಲಿಸಿದ.

ಮಾದಶೆಟ್ಟಿ ಮನೇಲಿ ಚಾಪೆ ಹಾಸಿದರು, ಬೆಲ್ಲ ನೀರು ಕೊಟ್ಟರು. ಮೂಲೇಲಿ ಮಣ್ಣಿನ ಗೋಡೆ ಬುಡದಲ್ಲಿ ಹುಡುಗಿಯ ಅಜ್ಜಿ ಮಲಗಿತ್ತು. ಅದರ ಪಕ್ಕದಲ್ಲೇ ಬೆಳ್ಳ ಕೂತ. ಕೇಳಿದ್ದಕ್ಕೆಲ್ಲ ಸಾಕವ್ವನೇ ಉತ್ತರ ಹೇಳಿದಳು. "ನಮ್ಮ ಹುಡುಗ ಮಾತು ಕಮ್ಮಿ." ಬೆಳ್ಳನ ಕೈ ಸುಮ್ಮನಿರುತ್ತಾ? ಹಿಂದಿದ್ದ ಗೋಡೇನ ಮೆಲ್ಲಗೆ ತಟ್ಟಿತು. ಇನ್ನೊಂದು ಕಡೆ ತಟ್ಟಿತು. ಬೆಳ್ಳ ತಲೆ ವಾಲಿಸಿದ. ಅಂಗೈ ಇಟ್ಟು ನೋಡಿದ. ಎದ್ದ. ಬಗ್ಗಿದ. ಅಜ್ಜೀನ ಚಾಪೆ ಸಮೇತ ಎರಡು ಕೈಲೂ ಎತ್ತಿದ. ಬೀದಿ ಕಡೆ ಹೊರಟೇಬಿಟ್ಟ!

"ಅಯ್ಯಯ್ಯೋ! ಅಜ್ಜೀನ ಹೊತ್ಕೊಂಡು ಹೋಯ್ತಾವನೆ!"

"ಹಿಡೀರೋ! ಹೆಣ್ಣು ನೋಡೋಕೆ ಬಂದು ಮುದುಕೀನ ಎತ್ಕೊಂಡು ಹೋಯ್ತಾನಲ್ಲ!"

ಸಾಕವ್ವ ಸೆರಗಲ್ಲಿ ಮುಖ ಮುಚ್ಕೊಂಡಳು. ಮುಗೀತು, ಇದೂ ಮುಗೀತು ಅಂದ್ಕೊಂಡಳು. ಆದರೆ ಬಾಗಿಲ ಮರೇಲಿದ್ದ ದೇವೀರಿ ಅವನ ಕೈ ಏನು ಮಾಡ್ತಿತ್ತು ಅಂತ ನೋಡಿದ್ದಳು. ಕುಂಬಾರರ ಮಗಳು ತಾನೇ? ಸರಸರ ಬಂದು ಗೋಡೆ ತಟ್ಟಿದಳು. ಅವಳ ಮುಖ ಬಿಳುಚ್ಕೊಂತು.

"ಅಪ್ಪಾ, ಏಳಿ! ಎಲ್ಲ ಆಚೆಗೆ ಬನ್ನಿ! ಗೋಡೆ ಒಳಗೆಲ್ಲ ಟೊಳ್ಳು!"

ಅವರೆಲ್ಲ ಬೀದಿಗೆ ಬಂದು ನಿಂತದ್ದೂ, ಹೆಗ್ಗಣ ಕೊರೆದು ಮಳೆ ನೆನೆಸಿದ್ದ ಆ ಗೋಡೆ ಅಜ್ಜಿ ಮಲಗಿದ್ದ ಜಾಗದ ಮೇಲೇ ಧಡಾರ್ ಅಂತ ಕೂತದ್ದೂ ಒಂದೇ ಆಯ್ತು.

"ಮೊದ್ಲೇ ಹೇಳಬಾರ್ದೇನಪ್ಪ!" ಅಂದ ಮಾದಶೆಟ್ಟಿ, ಮೈಮೇಲಿನ ಧೂಳು ಕೊಡವ್ತಾ.

ಬೆಳ್ಳ ಅವ್ವನ ಕಡೆ ನೋಡಿದ. ತುಟಿ ಮೇಲೆ ಬೆರಳಿಟ್ಟು, ಬಾಯಿ ಬುಡಬೋದಾ ಅಂತ ಹುಬ್ಬಲ್ಲೇ ಕೇಳಿದ. ಸಾಕವ್ವ ಅಳ್ತಾ ಅಳ್ತಾ ಹೂಂ ಅಂತ ತಲೆ ಆಡಿಸಿದಳು.

"ಅವ್ವ ಬಾಯಿ ಬುಡಬೇಡ ಅಂದಿದ್ಲು," ಅಂದ ಬೆಳ್ಳ. "ಕೈ ಬಗ್ಗೆ ಏನೂ ಹೇಳಿರಲಿಲ್ಲ."

ಇನ್ನೂ ಅವನ ತೋಳಲ್ಲೇ ಇದ್ದ ಅಜ್ಜಿ ಬೊಚ್ಚು ಬಾಯಲ್ಲಿ ಕೂಗಿತು. "ನಮ್ಮೆಜಮಾನ ಒಂದಿನಾನೂ ನನ್ನ ಹಿಂಗೆ ಎತ್ಲಿಲ್ಲ ಕಣ್ರೋ! ಈ ಗಂಡಿಗೇ ಕೊಡ್ರೋ ಹೆಣ್ಣ!"

ದೇವೀರಿ ನಗು ತಡೆಯೋಕಾಗದೆ ಒಳಗೆ ಓಡಿದಳು. ಮರೆಯಾಗೋಕೆ ಅಲ್ಲಿ ಗೋಡೆಯೇ ಇಲ್ಲ, ಎಲ್ಲರಿಗೂ ಕಾಣ್ತಿದ್ದಳು.

ಮದುವೆ ಆಯ್ತು. ಈಗಿನ ಹಂಗೆ ಛತ್ರ ಪತ್ರ ಇಲ್ಲ. ಮನೆ ಮುಂದೆ ಹಸಿರು ಚಪ್ಪರ, ಊರಿಗೆಲ್ಲ ಪಾಯಸ. ಧಾರೆ ಹೊತ್ತಲ್ಲಿ ಮದುವೆ ಮಾಡಿಸೋ ಐನೋರು ಹುಡುಗಿ ಕೈನ ಬೆಳ್ಳನ ಕೈಲಿಟ್ಟರು.

"ಕೈ ಹಿಡಿದಿದ್ದೀಯ ಕಣಯ್ಯ. ಇನ್ನು ಬಿಡಬಾರದು."

"ಯಾಕೆ ಸ್ವಾಮಿ?" ಅಂದ ಬೆಳ್ಳ. ಅವ್ವ ಕಲಿಸಿದ್ದಳಲ್ಲ, ಯಾಕೆ ಅಂತ ಹಿಡ್ಕೋಬೇಕು ಅಂತ.

ಮುಹೂರ್ತ ಮೀರ್ತಿತ್ತು, ಐನೋರಿಗೆ ಸಿಟ್ಟು ಬಂತು. "ಯಾಕೆ ಅಂತ ಎಲ್ಲ ಕೇಳಬಾರದು! ಬಿಡಬಾರದು ಅಂದ್ರೆ ಬಿಡಬಾರದು!"

ಸರಿ, ಬೆಳ್ಳ ಬಿಡಲಿಲ್ಲ. ಊಟಕ್ಕೆ ಕೂತಾಗ ಬಿಡಲಿಲ್ಲ, ಸಾಕವ್ವನೇ ಸೊಸೆಗೆ ತುತ್ತು ಮಾಡಿ ತಿನ್ನಿಸಿದಳು. ದೊಡ್ಡೋರ ಕಾಲಿಗೆ ಹುಡುಗಿ ಬಗ್ಗಿದರೆ ಇವನೂ ಬಗ್ಗಿದ. ಗಾಡೀಲಿ ಬಿಡಲಿಲ್ಲ, ಗಾಡಿ ಇಳಿದ ಮೇಲೂ ಬಿಡಲಿಲ್ಲ. ಹೊಸ ಹೆಣ್ಣು ತುಂಬಿಸ್ಕೊಳ್ಳೋಕೆ ಕೇರಿ ಹೆಂಗಸರೆಲ್ಲ ಆರತಿ ಹಿಡ್ಕೊಂಡು ನಿಂತಿದ್ದರು. ನಿಂಗಾಜವ್ವನೂ ಇದ್ದಳು. ಸಾಕವ್ವನ ಮನೆ ಬಾಗಿಲೋ, ಹಳೇ ಕಾಲದ್ದು, ಒಬ್ಬರೇ ಬಗ್ಗಿ ನುಗ್ಗೋವಷ್ಟು. ಇಬ್ಬರೂ ಪಕ್ಕ ಪಕ್ಕ ಬಂದರು. ಧಡ್ ಅಂತ ಎರಡು ಹೆಗಲೂ ಬಾಗಿಲ ಚೌಕಟ್ಟಿಗೆ ಬಡೀತು. ಹಿಂದೆ ಹೋದರು, ಮತ್ತೆ ಬಂದರು. ಮತ್ತೆ ಧಡ್!

"ಕೈ ಬುಡ್ಲಾ! ಅವಳು ಮೊದಲು ಬರ್ಲಿ!"

"ಬುಡಬಾರ್ದು ಅಂದವ್ರೆ ಕಣವ್ವ."

"ಅದು ಹಂಗಲ್ಲ ಕಣ್ಲಾ! ಹೆಂಡ್ತೀನ ಚೆನ್ನಾಗಿ ನೋಡ್ಕೋ ಅಂತ ಅದರರ್ಥ!"

"ಯಾಕೆ ಅಂತ ಕೇಳ್ದೆನಲ್ಲ. ಅವ್ರು ಹೇಳ್ಲಿಲ್ಲ."

ಬೆಳ್ಳ ಬಾಗಿಲನ್ನ ಒಂದು ಸಲ ನೋಡಿದ, ಕೈಯನ್ನ ಒಂದು ಸಲ ನೋಡಿದ. ಅವನ ಮುಖ ಅರಳ್ತು. ಮಣ್ಣು ಅಗೆಯೋ ಹಾರೆ ಗೋಡೆಗೆ ಒರಗಿತ್ತು. ಖಾಲಿ ಕೈಲಿ ಅದನ್ನ ಎತ್ತಿ, ಬಾಗಿಲ ಪಕ್ಕದ ಗೋಡೆಗೆ ಹೆಟ್ಟಿದ.

"ಅಯ್ಯೋ, ಮನೆ ಕೆಡವ್ತಾನಲ್ಲೇ!" ಅಂತ ನಿಂಗಾಜವ್ವ ಆರತಿ ತಟ್ಟೆ ಹಿಡ್ಕೊಂಡೇ ಹಿಂದಕ್ಕೆ ಹಾರಿದಳು.

"ಕೈ ಬುಡಬಾರ್ದು ಅಂದ್ರು ಕಣವ್ವ. ಗೋಡೆ ಬುಡಬೇಡ ಅಂತ ಯಾರೂ ಅನ್ನಲಿಲ್ಲ!"

ಮಣ್ಣ ಹೆಂಟೆ ಉದುರಿತು. ಸಾಕವ್ವ ಬೈಯೋಕೆ ಬಾಯಿ ತೆಗೆದಳು. ನೋಡಿದರೆ ಹೊಸ ಸೊಸೆ ಅರಿಶಿನದ ಸೀರೆ ಎತ್ತಿ ಸೊಂಟಕ್ಕೆ ಸಿಗಿಸ್ಕೊಂಡು, ಖಾಲಿ ಇದ್ದ ಕೈಲಿ ಹೆಂಟೆಗಳನ್ನ ಒಂದೊಂದಾಗಿ ಬದಿಗೆ ಇಡ್ತಿದ್ದಳು. ಬಾಸಿಂಗದ ಮೇಲೆಲ್ಲ ಧೂಳು. ತಲೆ ಎತ್ತಿ ಅತ್ತೆ ಕಡೆ ನೋಡಿ ಹೇಳಿದಳು.

"ಇನ್ನೊಂದು ಗೇಣು ಅಗೀಲಿ ಬುಡಿ ಅತ್ತೆಮ್ಮ. ಜೊತೇಲಿ ನೀವೂ ಬರಬೋದು."

ಬೆಳ್ಳ ಇನ್ನೊಂದು ಗೇಣು ಅಗೆದ. ಆಮೇಲೆ ಹಾರೆ ಬಿಸಾಕಿ, ಆ ಕೈಲಿ ಅವ್ವನ ಕೈ ಹಿಡ್ಕೊಂಡ. ಮೂರೂ ಜನ ಪಕ್ಕ ಪಕ್ಕ, ಗೋಡೆ ಮಣ್ಣು ತುಳೀತಾ, ಒಳಗೆ ಹೋದರು.

ಆ ಬಾಗಿಲಿಗೆ ಆಮೇಲೆ ಯಾವ ಕದವೂ ಕೂರಲಿಲ್ಲ ಕಣ್ರಪ್ಪ. ಅವರಿರೋವರೆಗೂ ಗೋಣಿ ತಾಟೇ ತೂಗಾಡ್ತಿತ್ತು. ಅವರು ಅಲ್ಲಿ ಉಂಡರು, ನಾವಿಲ್ಲಿ ಹೂಂ ಅಂದೆವು.